ಬಿಟ್ಟಿ ತಿಂದವರು ಯಾರು?

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ನಮ್ಮಲ್ಲೊಂದು ಗಾದೆಯಿದೆ. ಈಚಿನ ವರ್ಷಗಳಲ್ಲಿ ಈ ಗಾದೆಯನ್ನು ಬಡವರ ಮುಖಕ್ಕೆ ಎಸೆಯುವುದು ಹೆಚ್ಚಾಗಿದೆ. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ, 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದಾಗ, ಮನೆಯೊಡತಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಬೀಳತೊಡಗಿದಾಗ, ಪೇಟೆಯ ಹೋಟೆಲಿನಲ್ಲೂ ಊರಿನ ಅರಳಿಕಟ್ಟೆಯಲ್ಲೂ ಟೀವಿಯ ಚರ್ಚೆಯಲ್ಲೂ ಒಂದೇ ಮಾತು: 'ಬಿಟ್ಟಿ ಭಾಗ್ಯ'. ಜನ ಸೋಮಾರಿಗಳಾಗುತ್ತಾರಂತೆ. ಕೂಲಿಗೆ ಆಳು ಸಿಗುವುದಿಲ್ಲವಂತೆ. ದುಡಿಯುವವರ ತೆರಿಗೆ ದುಡಿಯದವರ ಹೊಟ್ಟೆಗೆ ಹೋಗುತ್ತದಂತೆ.

ಈ ಮಾತಿಗೆ ಉತ್ತರ ಕೊಡುವ ಮೊದಲು ನಾವು 'ಬಿಟ್ಟಿ' ಎನ್ನುವ ಪದವನ್ನೇ ಹಿಡಿದು ಕೇಳಬೇಕು. ಇದು ಎಲ್ಲಿಂದ ಬಂತು? ಯಾರ ಬೆನ್ನ ಮೇಲಿಂದ ಬಂತು? ಸಂಸ್ಕೃತದ 'ವಿಷ್ಟಿ' ಕನ್ನಡದಲ್ಲಿ 'ಬಿಟ್ಟಿ' ಆಯಿತು. ಹಾಗೆಂದರೆ ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದಿದೆ. ನಮ್ಮ ನಾಡಿನ ಶಾಸನಗಳಲ್ಲಿಯೂ ಇದೆ. ರಾಜರು ಬ್ರಾಹ್ಮಣರಿಗೆ, ದೇವಸ್ಥಾನಗಳಿಗೆ ಭೂಮಿಯನ್ನು ದತ್ತಿ ಕೊಡುವಾಗ ಎಷ್ಟೋ ಕಡೆ ಆ ನೆಲಕ್ಕೆ ಬಿಟ್ಟಿಯಿಂದಲೂ ಕಂದಾಯದಿಂದಲೂ ವಿನಾಯಿತಿ ಕೊಟ್ಟರು. ವಿನಾಯಿತಿ ಇಲ್ಲದವರು ಯಾರು? ಊರ ಹೊರಗೆ ಇದ್ದವರು. ಅವರ ಬೆನ್ನ ಮೇಲೆ ಅದು ಉಳಿಯಿತು.

ಹೀಗೆ ನೂರಾರು ವರ್ಷ ಬಿಟ್ಟಿ ಎಂದರೆ ಕೊಡುವುದಾಗಿತ್ತು. ಕೊಟ್ಟವರು ಹೊಲೆಯರು, ಮಾದಿಗರು, ಇತರ ದುಡಿಯುವ ಜಾತಿಗಳು. ಇವತ್ತು ಅದೇ ಪದಕ್ಕೆ ಪುಕ್ಕಟೆ ತಿನ್ನುವುದು ಎಂಬ ಅರ್ಥ ಬಂದು, ಅದೇ ಜನರ ಹಣೆಗೆ ಅಂಟಿದೆ. ಕೊಟ್ಟವರು ತಿಂದವರಾದರು, ತಿಂದವರು ತೆರಿಗೆ ಕಟ್ಟುವ ಸಜ್ಜನರಾದರು. ಈ ತಿರುವುಮುರುವು ಹೇಗಾಯಿತು ಎನ್ನುವುದೇ ನಮ್ಮ ಈ ಬರಹದ ವಿಷಯ.

1

ಹಳೆಯ ಹಳ್ಳಿಯ ಲೆಕ್ಕವನ್ನು ನಮ್ಮ ಹಿರಿಯರು ಬಲ್ಲರು. ಊರಿಗೆ ತೋಟಿ, ತಳವಾರ, ನೀರಗಂಟಿ, ಕುಳವಾಡಿ, ಉತ್ತರದ ಕಡೆ ವಾಲೀಕಾರ. ಇವರ ಕೆಲಸಕ್ಕೆ ಪಟ್ಟಿಯೇ ಇರಲಿಲ್ಲ. ಕಂದಾಯದ ಹಣ ಕಟ್ಟಲು ಹೋಗುವ ಪಟೇಲನ ಜೊತೆ ಕಸಬೆಗೆ ನಡೆಯಬೇಕು. ಅಮಲ್ದಾರ ಬಂದರೆ ಅವನ ಕುದುರೆಗೆ ಹುಲ್ಲು, ಬಿಡಾರಕ್ಕೆ ಸೌದೆ. ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ಸುದ್ದಿ ಒಯ್ಯಬೇಕು. ದನ ಸತ್ತರೆ ಎಳೆಯಬೇಕು. ಜಾತ್ರೆಗೆ, ಮದುವೆಗೆ, ಹೆಣಕ್ಕೆ ತಮಟೆ ಬಡಿಯಬೇಕು. ಊರ ಗಡಿಕಲ್ಲು ಎಲ್ಲಿದೆ ಅಂತ ತೋರಿಸುವವನೂ ಅವನೇ. ಆದರೆ ಆ ಗಡಿಯೊಳಗೆ ಅವನಿಗೆ ಮನೆ ಇಲ್ಲ.

ಇದಕ್ಕೆ ಪ್ರತಿಫಲ ಏನು? ಒಂದಿಷ್ಟು ಇನಾಮು ನೆಲ, ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಸಿಗುವ ಆಯ. ಆ ಆಯ ಅಳತೆಯ ಕಾಳಲ್ಲ, ಮನಸ್ಸು ಬಂದಷ್ಟು. ಒಡೆಯ ಖುಷಿಯಲ್ಲಿದ್ದರೆ ಒಂದು ಮೊರ, ಸಿಟ್ಟಿನಲ್ಲಿದ್ದರೆ ಕಣ ಗುಡಿಸಿದ ಹೊಟ್ಟು. ಹಬ್ಬದ ದಿನ ಬೀದಿಯಲ್ಲಿ ನಿಂತು 'ಅವ್ವಾ' ಅಂದರೆ ತಂಗಳು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೆಲಸ ಕಡ್ಡಾಯ, ಆದರೆ ಪ್ರತಿಫಲ ಕೊಡುವವನ ಇಷ್ಟ. ಇದನ್ನು ಕೂಲಿ ಅಂತ ಯಾರೂ ಕರೆಯಲಿಲ್ಲ. ಕೂಲಿ ಅಂದರೆ ಚೌಕಾಸಿ ಬರುತ್ತದೆ, 'ಇಷ್ಟು ಕೊಡು, ಇಲ್ಲದಿದ್ದರೆ ಬರೋಲ್ಲ' ಎನ್ನುವ ಮಾತು ಬರುತ್ತದೆ. ಆ ಮಾತನ್ನು ಬಾಯಿಂದ ಕಿತ್ತುಹಾಕಲು ಪೋಲೀಸು, ಚಾವಟಿ ಮಾತ್ರ ಸಾಲುವುದಿಲ್ಲ. ಅದಕ್ಕೆ ಧರ್ಮ ಬೇಕು. ನೀನು ಮಾಡುವುದು ಕೆಲಸವಲ್ಲ, ನಿನ್ನ ಹುಟ್ಟಿಗೆ ಬಂದ ಸೇವೆ. ಮಾಡಿದರೆ ಮುಂದಿನ ಜನ್ಮಕ್ಕೆ ಪುಣ್ಯ, ಬಿಟ್ಟರೆ ಪಾಪ ಎಂದು ಹೇಳಿಕೊಡುವ ಪುರೋಹಿತಶಾಹಿ ಬೇಕು. ಮಾರಮ್ಮನ ಜಾತ್ರೆಯಲ್ಲಿ ತಮಟೆ ಬಡಿಯುವವನು ಕೂಲಿ ಕೇಳಿದರೆ ಅದು ಊರ ದೇವತೆಗೆ ಮಾಡಿದ ಅಪಚಾರವಾಯಿತು. ಅಪಚಾರಕ್ಕೆ ಬಹಿಷ್ಕಾರ. ಬಾವಿಗೆ ಇಳಿಯುವಂತಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೆಲಸವಿಲ್ಲ. ದೇವರ ಹೆಸರಿನಲ್ಲಿ ಶುರುವಾದದ್ದು ಹೊಟ್ಟೆಯ ಮೇಲೆ ಬಂದು ನಿಲ್ಲುತ್ತಿತ್ತು.

ಹೆಂಗಸರಿಗೆ ಈ ಸೇವೆ ಇನ್ನೂ ಕ್ರೂರ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಹೆಣ್ಣುಮಕ್ಕಳ ಮೈಯನ್ನೇ ಬಿಟ್ಟಿ ಮಾಡಿಕೊಂಡರು. ಅದಕ್ಕೂ ದೇವರ ಸೇವೆ ಅಂತಲೇ ಹೆಸರು. 1934ರಲ್ಲಿ ಮುಂಬೈ ಪ್ರಾಂತ್ಯದಲ್ಲಿ, 1982ರಲ್ಲಿ ಕರ್ನಾಟಕದಲ್ಲಿ ಕಾಯಿದೆ ಮಾಡಬೇಕಾಗಿ ಬಂತು ಅಂದರೆ ಆ ಸೇವೆಯ ಬೇರು ಎಷ್ಟು ಆಳ ಅಂತ ತಿಳಿಯುತ್ತದೆ.

2

ಇಂದಿನ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿ ಈ ಊರಚಾಕರಿಗೆ 'ವತನ' ಅಂತ ಹೆಸರು. 1874ರಲ್ಲಿ ಬ್ರಿಟಿಷರು ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಮಾಡಿ ಈ ಪದ್ಧತಿಗೆ ಸರ್ಕಾರದ ಮೊಹರು ಒತ್ತಿದರು. ಹಿಂದೆ ಊರಗೌಡನ ಹೆದರಿಕೆಯಿಂದ ಮಾಡುತ್ತಿದ್ದ ಚಾಕರಿ ಈಗ ಕಾನೂನಿನ ಚಾಕರಿಯಾಯಿತು. ಜಾತಿ ಕೆಟ್ಟದ್ದು ಅಂತ ಪುಸ್ತಕ ಬರೆದ ಬಿಳಿಯರಿಗೆ ಜಾತಿಯಿಂದ ಬರುವ ಪುಕ್ಕಟೆ ಆಳು ಕೆಟ್ಟದಾಗಿ ಕಾಣಲಿಲ್ಲ.

ಬಾಬಾಸಾಹೇಬ್ ಅಂಬೇಡ್ಕರ್ ಕೈಹಾಕಿದ್ದು ಇದಕ್ಕೆ. 1925ರ ಏಪ್ರಿಲ್‌ನಲ್ಲಿ ಅವರು ನಿಪ್ಪಾಣಿಗೆ ಬಂದು ಅಲ್ಲಿ ನಡೆದ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನಲ್ಲಿ ಮಾತಾಡಿದ್ದರು. 1927ರಲ್ಲಿ 'ಬಹಿಷ್ಕೃತ ಭಾರತ' ಪತ್ರಿಕೆ ಶುರುಮಾಡಿ ಅದರಲ್ಲಿ ವತನದ ಮೇಲೆ ಬರೆದರು. 1928ರ ಮಾರ್ಚ್ 19ರಂದು ಮುಂಬೈ ವಿಧಾನ ಪರಿಷತ್ತಿನಲ್ಲಿ ವತನ ಕಾಯಿದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು.

ಮಸೂದೆ ಕೇಳಿದ್ದು ಬಹಳ ಸರಳ. ಚಾಕರಿ ಬೇಡ ಅನ್ನುವ ಮಹಾರನು ಪೂರ್ತಿ ಕಂದಾಯ ಕಟ್ಟಿ ತನ್ನ ವತನದ ನೆಲವನ್ನು ರೈತನ ಹಾಗೆ ಇಟ್ಟುಕೊಳ್ಳಲಿ. ಚಾಕರಿ ಮಾಡುವವನ ಕೆಲಸ ಯಾವುದು, ಯಾರದು ಅಂತ ಗೊತ್ತುಮಾಡಲಿ. ಊರವರು ಕೊಡಬೇಕಾದ ಆಯವನ್ನು ಹಣಕ್ಕೆ ತಿರುಗಿಸಿ, ಕಂದಾಯದ ಜೊತೆ ಸರ್ಕಾರವೇ ವಸೂಲು ಮಾಡಿ ಕೊಡಲಿ. ಕಣದ ಹತ್ತಿರ ಕೈಯೊಡ್ಡಿ ನಿಲ್ಲುವುದು ತಪ್ಪಲಿ.

ಈಗಿನ ವ್ಯವಸ್ಥೆಯಲ್ಲಿ ಒಬ್ಬನ ಹೆಸರಿಗೆ ವತನವಿದ್ದರೆ ಇಡೀ ಮನೆಯೇ ಚಾಕರಿಗೆ ಹೋದಂತೆ, ಅವನು ಇಲ್ಲದಿದ್ದರೆ ಅಪ್ಪ ಅಥವಾ ಮಗ ಹೋಗಬೇಕು, ಹಗಲು ರಾತ್ರಿಯ ಮಿತಿಯಿಲ್ಲ ಎಂದು ಅವರು ಸಭೆಯ ಮುಂದೆ ಬಿಡಿಸಿಟ್ಟರು. ವತನ ಇರುವ ತನಕ ಮಹಾರ ತಲೆಯೆತ್ತುವುದಿಲ್ಲ, ಅವನ ಹೊಟ್ಟೆ ಊರವರ ಕೈಯಲ್ಲಿದೆ, ಹೊಟ್ಟೆ ಯಾರ ಕೈಯಲ್ಲಿದೆಯೋ ಅವರ ಧರ್ಮ ಅವನ ಧರ್ಮವಾಗುತ್ತದೆ. ಇದು ಆ ಮಸೂದೆಯ ಹಿಂದಿನ ತಿಳುವಳಿಕೆ. ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ, ವತನದ ಮಸೂದೆ ಬಂದದ್ದು ಅದರ ಮರುವರ್ಷ. ನೀರಿನ ಹೋರಾಟವನ್ನೂ ಕೂಲಿಯ ಹೋರಾಟವನ್ನೂ ಅವರು ಬೇರೆ ಬೇರೆ ಖಾತೆಗೆ ಬರೆಯಲಿಲ್ಲ.

ವಿರೋಧ ಎಲ್ಲಿಂದ ಬಂತು? ಸರ್ಕಾರದ ಕಂದಾಯ ಇಲಾಖೆಯಿಂದ. ಮಹಾರರು ಬಿಟ್ಟರೆ ಈ ಕೆಲಸಕ್ಕೆ ಸಂಬಳದ ಆಳು ಇಡಬೇಕು, ಖಜಾನೆಗೆ ಭಾರ. ಸಭೆಯಲ್ಲಿದ್ದ ಪಟ್ಟಭದ್ರರಿಗೂ ಅದು ರುಚಿಸಲಿಲ್ಲ. ಮಸೂದೆ ಆಯ್ಕೆ ಸಮಿತಿಗೆ ಹೋಗಿ ಕೈಕಾಲು ಕಳೆದುಕೊಂಡಿತು. 1929ರಲ್ಲಿ ಬಾಬಾಸಾಹೇಬರೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮುಂದೆ ಮೂವತ್ತು ವರ್ಷ ಕಾಯಬೇಕಾಯಿತು. ಕೆಳದರ್ಜೆಯ ಊರ ವತನಗಳನ್ನು ರದ್ದುಮಾಡುವ ಮುಂಬೈ ಕಾಯಿದೆ ಜಾರಿಗೆ ಬಂದದ್ದು 1959ರಲ್ಲಿ, ಬಾಬಾಸಾಹೇಬರು ತೀರಿಕೊಂಡ ಮೇಲೆ.

'ಆಳು ಸಿಗೋದಿಲ್ಲ' ಎನ್ನುವ ಇವತ್ತಿನ ಕೂಗನ್ನು ಮತ್ತೊಮ್ಮೆ ಕೇಳಿಸಿಕೊಳ್ಳಿ. 1928ರಲ್ಲಿ ಸರ್ಕಾರ ಹೇಳಿದ್ದೂ ಅದೇ.

3

ಹಳ್ಳಿಯಲ್ಲಿ ಹೀಗಾದರೆ ಪಟ್ಟಣದ ಗಿರಣಿಯಲ್ಲಿ ಜಾತಿ ಸಾಯುತ್ತದೆ, ಯಂತ್ರಕ್ಕೆ ಮೈಲಿಗೆ ಇಲ್ಲ ಎಂದು ನಂಬಿದವರಿದ್ದರು. ಮುಂಬೈನ ಬಟ್ಟೆ ಗಿರಣಿಗಳು ಈ ನಂಬಿಕೆಯನ್ನು ಮುರಿದವು. ಅಲ್ಲಿ ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ಆ ವಿಭಾಗಕ್ಕೆ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಕಾರಣ ಎಂಜಲು. ನೂಲು ಹರಿದಾಗ ಬಾಯಿಯ ಎಂಜಲು ತಾಗಿಸಿ ಗಂಟು ಹಾಕಬೇಕಾಗುತ್ತಿತ್ತು. ಅಸ್ಪೃಶ್ಯನ ಎಂಜಲು ತಾಗಿದ ನೂಲನ್ನು ಪಕ್ಕದ ಮಗ್ಗದ ಸವರ್ಣ ಕಾರ್ಮಿಕ ಮುಟ್ಟಲಾರ. ಒಂದು ತೊಟ್ಟು ಎಂಜಲಿನಿಂದ ತಿಂಗಳ ಕೂಲಿ ಕಡಿಮೆಯಾಯಿತು. ಮಡಿಗೆ ರೊಕ್ಕದ ಬೆಲೆ ಎಷ್ಟು ಅಂತ ಕೇಳುವವರಿಗೆ ಇದು ಲೆಕ್ಕ.

1928ರಲ್ಲಿ ಮುಂಬೈ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ತಿಂಗಳುಗಟ್ಟಲೆ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗುಳಿದರು. ಎಲ್ಲರ ಕೂಲಿಯ ಬೇಡಿಕೆಯ ಪಟ್ಟಿಯಲ್ಲಿ ಅಸ್ಪೃಶ್ಯರಿಗೆ ನೇಯ್ಗೆ ವಿಭಾಗ ತೆರೆಯಬೇಕು ಎನ್ನುವುದೂ ಸೇರಲೇಬೇಕು ಎಂದು ಅಂಬೇಡ್ಕರ್ ಪಟ್ಟು ಹಿಡಿದರು. ಕೆಂಪು ಬಾವುಟದ ಮುಖಂಡರಿಗೆ ಅದು ಮೊದಲು ಪಕ್ಕದ ವಿಷಯದ ಹಾಗೆ ಕಂಡಿತ್ತು. ನಮ್ಮ ನಡುವೆ ಇವತ್ತೂ ವರ್ಗ ಮೊದಲೋ ಜಾತಿ ಮೊದಲೋ ಎಂದು ರಾತ್ರಿಯಿಡೀ ವಾದ ಮಾಡುವ ಗೆಳೆಯರಿದ್ದಾರೆ. ಅವರು ಆ ಹರಿದ ನೂಲನ್ನು ಕೈಯಲ್ಲಿ ಹಿಡಿದು ನೋಡಬೇಕು.

ಹತ್ತು ವರ್ಷದ ಮೇಲೆ, 1938ರ ಫೆಬ್ರವರಿಯಲ್ಲಿ, ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ಈ ದೇಶದ ದುಡಿಯುವವರಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಎಂದು ನೇರವಾಗಿ ಹೇಳಿದರು. ಅದೇ ವರ್ಷ ಮುಂಬೈ ಸರ್ಕಾರ ಕೈಗಾರಿಕಾ ವಿವಾದಗಳ ಮಸೂದೆ ತಂದು ಮುಷ್ಕರಕ್ಕೆ ಬೇಲಿ ಹಾಕಹೊರಟಾಗ, ಮುಷ್ಕರವನ್ನು ಅಪರಾಧ ಮಾಡುವುದು ಅಂದರೆ ಒಲ್ಲದ ಕೆಲಸವನ್ನು ಬಲವಂತದಿಂದ ಮಾಡಿಸುವುದು, ಅದು ಗುಲಾಮಗಿರಿಯೇ ಎಂದು ಸಭೆಯಲ್ಲಿ ವಾದಿಸಿದರು. ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಕಮ್ಯುನಿಸ್ಟರ ಜೊತೆಗೂಡಿ ಒಂದು ದಿನದ ಮುಷ್ಕರ ಮಾಡಿತು.

4

ಈಗ ಕೂಲಿ ಮತ್ತು ಧರ್ಮದ ಜಗಳ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗಕ್ಕೆ ಬರೋಣ. ಅದು ಮಲ ಹೊರುವವರ ಕೇರಿ.

ಗಾಂಧೀಜಿ 1936ರ ನವೆಂಬರ್‌ನಲ್ಲಿ 'ಹರಿಜನ' ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕು ಅಂತ ಬರೆದರು. ಮಗುವಿಗೆ ತಾಯಿ ಹೇಗೋ ಸಮಾಜಕ್ಕೆ ಭಂಗಿ ಹಾಗೆ, ಅದು ಪವಿತ್ರವಾದ ಕೆಲಸ, ಅವನು ಅದನ್ನು ಧರ್ಮವೆಂದು ತಿಳಿದು ಅಚ್ಚುಕಟ್ಟಾಗಿ ಮಾಡಬೇಕು ಎಂಬುದು ಅದರ ಸಾರ. ಗಾಂಧೀಜಿ ತಾವೇ ಕಕ್ಕಸು ತೊಳೆದವರು, ಆಶ್ರಮದಲ್ಲಿ ಎಲ್ಲರ ಕೈಲೂ ತೊಳೆಸಿದವರು. ಅವರ ಮನಸ್ಸಿನ ಶುದ್ಧಿಯ ಬಗ್ಗೆ ನಮಗೆ ತಕರಾರಿಲ್ಲ. ಆದರೆ 1945ರಲ್ಲಿ ಬರೆದ ಪುಸ್ತಕದಲ್ಲಿ ಅಂಬೇಡ್ಕರ್ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ಅಷ್ಟು ಪವಿತ್ರವಾದ ಕೆಲಸವಾಗಿದ್ದರೆ ಅದು ಒಂದೇ ಜಾತಿಯ ಪಾಲಿಗೆ ಯಾಕೆ ಬಂತು? ಬೇರೆಯವರು ಬಿಡಲು ಬಯಸುವ ಕೆಲಸವನ್ನು ಮಾಡುವವನಿಗೆ, ಅದು ಶ್ರೇಷ್ಠ ಅಂತ ಹೊಗಳಿ ಅಲ್ಲೇ ಕೂರಿಸುವುದು ಅಸಹಾಯಕರ ಮೇಲೆ ಮಾಡುವ ಕ್ರೂರ ಹಾಸ್ಯವಲ್ಲವೇ?

ಹೊಗಳಿಕೆಯ ಜೊತೆ ಜೈಲೂ ಇತ್ತು ಎನ್ನುವುದನ್ನು ಮರೆಯಬಾರದು. ಬ್ರಿಟಿಷರ ಕಾಲದ ಎಷ್ಟೋ ಪೌರಾಡಳಿತ ಕಾಯಿದೆಗಳಲ್ಲಿ ಜಾಡಮಾಲಿ ಮುಂಚೆ ತಿಳಿಸದೆ ಕೆಲಸ ಬಿಟ್ಟರೆ ಶಿಕ್ಷೆಯಿತ್ತು. ಬೇರೆ ಕಾರ್ಮಿಕ ಕೆಲಸಕ್ಕೆ ಹೋಗದಿದ್ದರೆ ಅವನ ಕೂಲಿ ಹೋಗುತ್ತಿತ್ತು, ಇವನದು ಸ್ವಾತಂತ್ರ್ಯವೇ ಹೋಗುತ್ತಿತ್ತು. ಒಂದು ಕೈಯಲ್ಲಿ ಪುಣ್ಯ, ಇನ್ನೊಂದು ಕೈಯಲ್ಲಿ ಬೇಡಿ. ಕೂಲಿ ಯಾವ ಕೈಯಲ್ಲೂ ಇರಲಿಲ್ಲ.

ಕರ್ನಾಟಕದಲ್ಲಿ ಈ ಬುಟ್ಟಿಯನ್ನು ತಲೆಯಿಂದ ಇಳಿಸಲು ಆಜ್ಞೆ ಹೊರಡಿಸಿದವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. 1973ರ ನವೆಂಬರ್‌ನಲ್ಲಿ ಅವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ನಾಡೆಲ್ಲ ಬೆಂಕಿ ಹೊತ್ತಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಬೆಂಕಿಯಿಂದಲೇ ನಮ್ಮ ಚಳವಳಿಯ ದೊಡ್ಡ ಪಾಲು ಹುಟ್ಟಿತು. ಇವತ್ತಿಗೂ ಬಸವಲಿಂಗಪ್ಪ ಅಂದರೆ ಓದುಬಲ್ಲವರಿಗೆ ಬೂಸಾ ನೆನಪಾಗುತ್ತದೆ, ಬುಟ್ಟಿ ನೆನಪಾಗುವುದಿಲ್ಲ.

ಆಜ್ಞೆಯಾದರೂ ಬುಟ್ಟಿ ಪೂರ್ತಿ ಇಳಿಯಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಾವು ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಊರಿಗೆ ತಾಯಿಯಾಗಿದ್ದವರು ಊರಿನಲ್ಲಿ ಒಂದು ಗುಡಿಸಲಿನ ಜಾಗಕ್ಕೆ ಹಾಗೆ ಕೇಳಬೇಕಾಯಿತು.

5

ಸಂವಿಧಾನ ಈ ಜಗಳದಲ್ಲಿ ಏನು ಹೇಳಿತು? 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು ಅಂತ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. 23ನೇ ವಿಧಿಯನ್ನು ಮೇಷ್ಟ್ರುಗಳು ಅಷ್ಟು ಹೇಳಿಕೊಡುವುದಿಲ್ಲ. ಅದು ಬಿಟ್ಟಿಬೇಗಾರಿಯನ್ನು ನಿಷೇಧಿಸಿದ ವಿಧಿ. ಎರಡನ್ನೂ ಒಟ್ಟಿಗೆ ಓದಬೇಕು. ಮುಟ್ಟುವುದಿಲ್ಲ ಎನ್ನುವುದೂ, ಕೂಲಿ ಕೊಡುವುದಿಲ್ಲ ಎನ್ನುವುದೂ ಒಂದೇ ನಾಣ್ಯದ ಎರಡು ಮುಖ.

1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ 1946ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ಮಸೂದೆ ಮಂಡಿಸಿದ್ದರು. ಅದು 1948ರಲ್ಲಿ ಕಾಯಿದೆಯಾಯಿತು. ಬೇಸಾಯದ ಕೂಲಿಯೂ ಸ್ಥಳೀಯ ಸಂಸ್ಥೆಗಳ ಕೆಲಸವೂ ಅದರ ಪಟ್ಟಿಯಲ್ಲಿದ್ದವು. ಕೂಲಿಗೆ ಒಂದು ನೆಲಗಟ್ಟು ಇದೆ, ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಅಂತ ಈ ದೇಶದ ಕಾನೂನು ಮೊದಲ ಸಲ ಹೇಳಿತು.

ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1961ರಲ್ಲಿ ಬಂದು 1963ರ ಫೆಬ್ರವರಿಯಿಂದ ಜಾರಿಯಾಯಿತು. ಶಾನುಭೋಗಿಕೆ, ಪಟೇಲಿಕೆಯ ಜೊತೆ ತೋಟಿ, ತಳವಾರಿಕೆಯೂ ಕಾಗದದ ಮೇಲೆ ಹೋದವು. ಇದಕ್ಕಿಂತ ಮುಂಚೆಯೇ, 1954 ಮತ್ತು 1955ರಲ್ಲಿ, ಮೈಸೂರಿನಲ್ಲಿ ಇನಾಮು ರದ್ದತಿ ಕಾಯಿದೆಗಳು ಬಂದಿದ್ದವು. ಇಲ್ಲಿ ಒಂದು ಹೋಲಿಕೆ ಮಾಡಿ ನೋಡೋಣ. ಇನಾಮ್ದಾರನ ನೆಲ ಹೋದಾಗ ಅವನಿಗೆ ಪರಿಹಾರ ಕೊಟ್ಟರು. ದೇವಸ್ಥಾನದ ಇನಾಮು ಹೋದಾಗ ದೇವರಿಗೆ ವರ್ಷವರ್ಷ ತಸ್ತೀಕು ಗೊತ್ತುಮಾಡಿದರು. ತೋಟಿಯ ಬಿಟ್ಟಿಚಾಕರಿ ಹೋದಾಗ, ಅವನ ಅಪ್ಪ, ಅಜ್ಜ, ಮುತ್ತಜ್ಜ ಕೂಲಿಯಿಲ್ಲದೆ ದುಡಿದದ್ದಕ್ಕೆ ಬಾಕಿ ಲೆಕ್ಕ ಯಾರಾದರೂ ಹಾಕಿದರೇ? ಪುಕ್ಕಟೆ ನೆಲ ಉಂಡವನಿಗೆ ಪರಿಹಾರ, ಪುಕ್ಕಟೆ ದುಡಿದವನಿಗೆ ಬಿಡುಗಡೆಯ ಉಪದೇಶ. ಆ ತಸ್ತೀಕನ್ನು ಯಾವ ಟೀವಿಯವನೂ 'ಬಿಟ್ಟಿ ಭಾಗ್ಯ' ಅಂತ ಕರೆದದ್ದನ್ನು ನಾವು ಕೇಳಿಲ್ಲ.

1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ. ದೊಡ್ಡ ಕೆಲಸವೇ ಅದು. ಆದರೆ ಗೇಣಿದಾರ ಅಂತ ದಾಖಲೆಯಲ್ಲಿ ಹೆಸರಿದ್ದವನಿಗೆ ಭೂಮಿ ಬಂತು. ಜೀತದಾಳಿಗೆ, ದಿನಗೂಲಿಗೆ ಗೇಣಿಯೇ ಇರಲಿಲ್ಲ. ನೇಗಿಲು ಹಿಡಿದ ಕೈಯೇ ಬೇರೆ, ಪಹಣಿಯಲ್ಲಿದ್ದ ಹೆಸರೇ ಬೇರೆ. ಆದ್ದರಿಂದ ನಮ್ಮ ಕೇರಿಗಳಲ್ಲಿ ಬಹುಪಾಲು ಜನ ಆ ಸುಗ್ಗಿಯನ್ನು ದೂರದಿಂದ ನೋಡಿದರು. 1975ರ ಅಕ್ಟೋಬರ್‌ನಲ್ಲಿ ಜೀತವಿಮುಕ್ತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯಿದೆಯಾಯಿತು. ಮಗಳ ಮದುವೆಗೆ ತಂದ ಸಾಲಕ್ಕೆ ಮಗನನ್ನು ಒಡೆಯನ ಹಟ್ಟಿಗೆ ಬಿಡುವುದು ಅಪರಾಧವಾಯಿತು. ಸರ್ಕಾರ ಮಂಜೂರು ಮಾಡಿದ ತುಂಡು ನೆಲವೂ ಸಾಲಕ್ಕೆ ಸಾರಾಯಿಗೆ ಕೈಬಿಟ್ಟು ಹೋಗುವುದನ್ನು ತಡೆಯಲು 1978ರಲ್ಲಿ ಪರಿಶಿಷ್ಟರ ಭೂಮಿ ಪರಭಾರೆ ನಿಷೇಧ ಕಾಯಿದೆ ಬಂತು. ಆ ಕಾಯಿದೆಯಲ್ಲಿ ನೆಲ ವಾಪಸು ಕೇಳಲು ಕಾಲಮಿತಿ ಇಲ್ಲ ಅಂತ ಸ್ಪಷ್ಟಪಡಿಸಲು 2023ರ ತಿದ್ದುಪಡಿಯ ತನಕ ಹೋರಾಡಬೇಕಾಯಿತು.

ಕಾನೂನಿನ ದಾರಿಯಲ್ಲಿ ನಾವು ನೆನಪಿಡಬೇಕಾದ ಎರಡು ತೀರ್ಪುಗಳಿವೆ. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ. ಕೈಗೆ ಕೋಳ ಹಾಕಬೇಕಿಲ್ಲ, ಹಸಿವೆಯೇ ಬಲವಂತ. ಅಂದರೆ ಅರೆಕೂಲಿಯೂ ಬಿಟ್ಟಿಯೇ. ಮರುವರ್ಷ, 1983ರಲ್ಲಿ, ರಾಜಸ್ಥಾನದ ಬರಪರಿಹಾರ ಕಾಮಗಾರಿಯ ಮೊಕದ್ದಮೆ ಬಂತು. ಇದು ಕೂಲಿಯಲ್ಲ, ಬರದಲ್ಲಿ ನಾವು ಕೊಡುವ ನೆರವು, ಆದ್ದರಿಂದ ಕಡಿಮೆ ಕೊಡುತ್ತೇವೆ ಎಂದು ಆ ಸರ್ಕಾರ ವಾದಿಸಿತು. ನೆರವು ಎಂಬ ಹೆಸರಿಟ್ಟು ಕೂಲಿ ಕತ್ತರಿಸುವ ಹಾಗಿಲ್ಲ, ದುಡಿದವನು ದುಡಿದದ್ದಕ್ಕೆ ಪಡೆಯುತ್ತಾನೆ, ಭಿಕ್ಷೆ ಪಡೆಯುತ್ತಿಲ್ಲ ಅಂತ ಕೋರ್ಟು ಆ ವಾದವನ್ನು ತಳ್ಳಿಹಾಕಿತು. 2005ರ ಉದ್ಯೋಗ ಖಾತರಿ ಕಾಯಿದೆಯಡಿ ಕೇಂದ್ರ ಕೊಡುತ್ತಿದ್ದ ಕೂಲಿ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆಯಾದಾಗ, 2011ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಕನಿಷ್ಠ ಕೂಲಿ ಕೊಡಲೇಬೇಕು ಅಂತ ಹೇಳಿದ್ದೂ ಇದೇ ದಾರಿಯಲ್ಲಿ.

6

ಪದಗಳು ಮಾತ್ರ ಬದಲಾಗುತ್ತಾ ಹೋದವು. ವತನ ಹೋಯಿತು, ಗುತ್ತಿಗೆ ಬಂತು. ಆಯ ಹೋಯಿತು, 'ಗೌರವಧನ' ಬಂತು. ಅಂಗನವಾಡಿ ಕಾರ್ಯಕರ್ತೆ, ಆಶಾ, ಬಿಸಿಯೂಟದ ಅಡುಗೆಯವರು ಸರ್ಕಾರದ ಲೆಕ್ಕದಲ್ಲಿ ನೌಕರರಲ್ಲ, ಸೇವೆ ಮಾಡುವವರು. ಗೌರವ ದೊಡ್ಡದು, ಧನ ಚಿಕ್ಕದು. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ತಾಯಂದಿರು ಬೆಂಗಳೂರಿನ ರಸ್ತೆಯಲ್ಲೇ ಹಗಲು ರಾತ್ರಿ ಕೂತರು. ಅವರು ಕೇಳಿದ್ದು ತಮ್ಮದು ಕೆಲಸ, ಅದಕ್ಕೆ ತಕ್ಕ ಸಂಬಳ ಕೊಡಿ ಅಂತ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಗುಜರಾತಿನ ಮೊಕದ್ದಮೆಯೊಂದರಲ್ಲಿ ಹೇಳಿದ್ದು 2022ರಲ್ಲಿ. ಬಿಸಿಯೂಟದ ಒಲೆಯ ಮುಂದೆ ಇನ್ನೊಂದು ಪ್ರಶ್ನೆಯೂ ಕುದಿಯುತ್ತಿರುತ್ತದೆ. ಅಡುಗೆಯಾಕೆ ನಮ್ಮವಳಾದರೆ ಮಕ್ಕಳನ್ನು ಊಟಕ್ಕೆ ಕಳಿಸದ ಊರುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಸಂಬಳವೂ ಅರ್ಧ, ಮುಟ್ಟುವುದೂ ಇಲ್ಲ. ಗಿರಣಿಯ ಎಂಜಲು ನೂಲು ಇಲ್ಲಿ ಸಾರಿನ ಪಾತ್ರೆಗೆ ಬಂದಿದೆ.

ಜಾಡಮಾಲಿ ಹೋಗಿ ಪೌರಕಾರ್ಮಿಕ ಎಂಬ ಗೌರವದ ಹೆಸರು ಬಂತು. ಆದರೆ ಪೊರಕೆ ಹಿಡಿದ ಕೈಗಳ ಜಾತಿ ಬದಲಾಗಲಿಲ್ಲ. ಅವರನ್ನು ನಗರಪಾಲಿಕೆಯ ಕೆಲಸದಿಂದ ತೆಗೆದು ಗುತ್ತಿಗೆದಾರನ ಕೈಗೆ ಕೊಟ್ಟರು. ಗುತ್ತಿಗೆದಾರ ಹೊಸ ಕಾಲದ ಗೌಡ. ಹಾಜರಿ ಅವನ ಪುಸ್ತಕ, ಸಂಬಳ ಅವನ ಮರ್ಜಿ. 2018ರಲ್ಲಿ ಬೆಂಗಳೂರಿನಲ್ಲಿ ಪಾಲಿಕೆಯೇ ನೇರವಾಗಿ ಸಂಬಳ ಕೊಡಲು ಶುರುಮಾಡಿದ್ದು, 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ನಾಲ್ಕು ದಿನ ಮುಷ್ಕರ ಹೂಡಿ ಕಾಯಂ ಮಾಡುವ ಮಾತು ಪಡೆದದ್ದು, ಯಾರ ಕರುಣೆಯಿಂದಲೂ ಆದದ್ದಲ್ಲ. ನಾಲ್ಕು ದಿನ ಕಸ ಬೀದಿಯಲ್ಲಿ ಬಿದ್ದಾಗ ನಗರಕ್ಕೆ ಲೆಕ್ಕ ಅರ್ಥವಾಯಿತು.

ಈ ಲೆಕ್ಕ ಬೇಡವಾದಾಗ ಪೂಜೆ ಬರುತ್ತದೆ. 2019ರ ಫೆಬ್ರವರಿಯಲ್ಲಿ ಪ್ರಯಾಗರಾಜದ ಕುಂಭಮೇಳದಲ್ಲಿ ಪ್ರಧಾನಮಂತ್ರಿಗಳು ಐವರು ಸಫಾಯಿ ಕರ್ಮಚಾರಿಗಳ ಪಾದ ತೊಳೆದರು. ದೇಶವೆಲ್ಲ ಆ ಚಿತ್ರ ನೋಡಿತು. ಮುಂದಿನ ವರ್ಷ ಕೊರೊನಾ ಬಂದಾಗ ಪೌರಕಾರ್ಮಿಕರ ಮೇಲೆ ಹೂವು ಸುರಿಸಿದರು, ಯೋಧರು ಅಂದರು. ಮಲಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯಿದೆ ಬಂದಿದ್ದರೂ ಮ್ಯಾನ್‌ಹೋಲಿನಲ್ಲಿ ಸಾವು ನಿಲ್ಲಲಿಲ್ಲ. ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ, 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ತೊಳೆದ ಪಾದ ಮರುದಿನ ಮತ್ತೆ ಅದೇ ಚರಂಡಿಗೆ ಇಳಿಯುವುದಾದರೆ ಆ ನೀರಿನಿಂದ ಯಾರು ಶುದ್ಧರಾದರು ಅಂತ ನಾವು ಕೇಳಲೇಬೇಕು.

7

ಧರ್ಮ ಯಾವತ್ತೂ ಹೀಗೆಯೇ ಇತ್ತು, ಬೇರೆ ದಾರಿಯೇ ಇರಲಿಲ್ಲ ಎಂದು ಯಾರಾದರೂ ಅಂದರೆ ಅದೂ ಸುಳ್ಳು. ಹನ್ನೆರಡನೇ ಶತಮಾನದಲ್ಲಿ ಇದೇ ನಾಡಿನಲ್ಲಿ ಕಾಯಕ, ದಾಸೋಹ ಎಂಬ ಎರಡು ಮಾತು ಹುಟ್ಟಿದವು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಒಂದೇ ಸಾಲಿನಲ್ಲಿ ಕೂತ ಕಾಲ ಅದು. ಅಕ್ಕಿ ಆಯ್ದು ತಂದ ಗಂಡ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕತೆ ನಮಗೆಲ್ಲ ಗೊತ್ತು. ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯ ಲಿಂಗಕ್ಕೂ ಕಾಯಕ ಬಿಡುವಂತಿಲ್ಲ ಅಂದ ಕತೆಯೂ ಗೊತ್ತು. ಅಲ್ಲಿ ದೇವರೇ ದುಡಿಯಬೇಕು. ಇಲ್ಲಿ ದೇವರ ಹೆಸರಿನಲ್ಲಿ ನಾವು ದುಡಿಯಬೇಕು.

ಈಗ ಆ ಕಾಯಕವನ್ನು ನಮಗೆ ಬೋಧಿಸುವವರು ಅರ್ಧವನ್ನು ಮಾತ್ರ ಹೇಳುತ್ತಾರೆ. ದುಡಿಯಿರಿ ಎನ್ನುತ್ತಾರೆ, ಎಲ್ಲ ದುಡಿಮೆಗೂ ಒಂದೇ ಬೆಲೆ ಎನ್ನುವುದನ್ನು ಬಿಡುತ್ತಾರೆ. ದಾಸೋಹ ಎಂದರೆ ಮೇಲಿನಿಂದ ಕೆಳಗೆ ಹಾಕುವ ದಾನವಲ್ಲ, ಗಳಿಸಿದ್ದರಲ್ಲಿ ಎಲ್ಲರಿಗೂ ಇರುವ ಪಾಲು ಎನ್ನುವುದನ್ನೂ ಬಿಡುತ್ತಾರೆ. ಮಠದಲ್ಲಿ, ಕ್ಷೇತ್ರದಲ್ಲಿ ಸಾವಿರಾರು ಜನ ಪುಕ್ಕಟೆ ಉಂಡರೆ ಅದು ಪ್ರಸಾದ. ಪಡಿತರದ ಅಂಗಡಿಯಲ್ಲಿ ಸಾಲು ನಿಂತು ಅಕ್ಕಿ ತಂದರೆ ಅದು ಬಿಟ್ಟಿ. ಅನ್ನ ಒಂದೇ. ಕೊಡುವವನಿಗೆ ಪುಣ್ಯ ಬರುವುದಾದರೆ ಒಂದು ಹೆಸರು, ತೆಗೆದುಕೊಳ್ಳುವವನಿಗೆ ಹಕ್ಕು ಬರುವುದಾದರೆ ಇನ್ನೊಂದು ಹೆಸರು.

ಅವರ ಸಿಟ್ಟಿಗೆ ನಿಜವಾದ ಕಾರಣವನ್ನು ನಮ್ಮ ಹಳ್ಳಿಯ ಕೂಲಿ ಹೆಂಗಸರು ಚೆನ್ನಾಗಿ ಬಲ್ಲರು. ಮನೆಯ ಮಡಕೆಯಲ್ಲಿ ನಾಲ್ಕು ದಿನದ ಅಕ್ಕಿಯಿದ್ದರೆ ಬೆಳಿಗ್ಗೆ ಬಾಗಿಲಿಗೆ ಬಂದ ಗೌಡರಿಗೆ 'ಇವತ್ತಿನ ಕೂಲಿ ಎಷ್ಟು ಕೊಡ್ತೀರಿ ಹೇಳಿ, ಆಮೇಲೆ ಬರ್ತೀವಿ' ಅಂತ ಹೇಳಲು ಬಾಯಿ ಬರುತ್ತದೆ. ಅಕ್ಕಿಯಿಲ್ಲದ ದಿನ ಆ ಬಾಯಿ ಬರುವುದಿಲ್ಲ. ಸೋಮಾರಿತನ ಅಂತ ಅವರು ಕರೆಯುವುದು ಈ ಚೌಕಾಸಿಯನ್ನು. ಹಳೆಯ ಕಾಲದ ಬಿಟ್ಟಿ ನಿಂತದ್ದೇ ಹಸಿದ ಹೊಟ್ಟೆಯ ಮೇಲೆ ಅಂತ ಬಾಬಾಸಾಹೇಬರು ವತನದ ಮಸೂದೆಯಲ್ಲಿ ಕಂಡುಕೊಂಡಿದ್ದರು.

ಹಾಗಂತ ಅಕ್ಕಿಯಲ್ಲಿ, ಎರಡು ಸಾವಿರದಲ್ಲಿ ನಮ್ಮ ಲೆಕ್ಕ ಚುಕ್ತಾ ಆಯಿತು ಅಂತ ಯಾವ ಪಕ್ಷವೂ ತಿಳಿಯಬಾರದು. ಯೋಜನೆಯ ಮೇಲೆ ಮಂತ್ರಿಯ ಫೋಟೋ ಹಾಕಿ ಹಂಚಿದರೆ ಅದು ಮತ್ತೆ ಆಯವಾಗುತ್ತದೆ, ನಾವು ಮತ್ತೆ ಕಣದ ಹತ್ತಿರ ಕೈಯೊಡ್ಡಿ ನಿಂತ ಹಾಗಾಗುತ್ತದೆ. ಮುಂದಿನವನು ಬಂದು ಕಿತ್ತುಕೊಂಡರೆ ಕೇಳುವವರಿಲ್ಲ. ನಮಗೆ ಬೇಕಾದದ್ದು ನೆಲ, ಕಾಯಂ ಕೆಲಸ, ಕನಿಷ್ಠ ಕೂಲಿಗೆ ಒಂದು ಪೈಸೆಯೂ ಕಡಿಮೆಯಿಲ್ಲದ ಸಂಬಳ, ಮಕ್ಕಳಿಗೆ ಒಳ್ಳೆಯ ಶಾಲೆ. ಅದರ ಜೊತೆಗೆ, ಬೇಡ ಅನ್ನಿಸಿದ ಕೆಲಸವನ್ನು ಬೇಡ ಅನ್ನುವ ಹಕ್ಕು. ತಮಟೆ ಬಡಿಯುವುದು ನಮ್ಮ ಕಲೆ. ಬಡಿಯಲೇಬೇಕು ಎನ್ನುವುದು ಅವರ ಕಾನೂನು. ಕಲೆ ಇಟ್ಟುಕೊಳ್ಳೋಣ, ಕಾನೂನನ್ನು ವಾಪಸು ಕೊಡೋಣ.

ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮ್ಮದೊಂದು ಕೆಲಸದ ಕೋರಿಕೆ. ನಿಮ್ಮ ಊರಿನ ತೋಟಿ, ತಳವಾರ, ಜೀತದ ಮನೆತನಗಳ ಹಿರಿಯರು ಇನ್ನೂ ಬದುಕಿದ್ದಾರೆ. ಅವರು ಏನೇನು ಚಾಕರಿ ಮಾಡಿದರು, ಎಷ್ಟು ವರ್ಷ ಮಾಡಿದರು, ಸುಗ್ಗಿಗೆ ಎಷ್ಟು ಸೇರು ಕಾಳು ಬಂತು, ಇನಾಮು ನೆಲ ಯಾವ ಸರ್ವೆ ನಂಬರಿನದು, ಈಗ ಅದು ಯಾರ ಹೆಸರಿನಲ್ಲಿದೆ, ಇವೆಲ್ಲವನ್ನೂ ಮಕ್ಕಳ ಕೈಲಿ ಕೇಳಿಸಿ ಬರೆಸಿ. ಪಹಣಿ ತೆಗೆಸಿ ಪಕ್ಕದಲ್ಲಿಟ್ಟು ನೋಡಿ. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿದೆ, ದುಡಿದವರ ಹೆಸರಿಲ್ಲ. ಆ ಹೆಸರುಗಳು ಹಿರಿಯರ ಬಾಯಲ್ಲಿ ಮಾತ್ರ ಇವೆ, ಅವರ ಜೊತೆಗೇ ಹೋಗಿಬಿಡುತ್ತವೆ. ಮುಂದಿನ ಸಲ ಅರಳಿಕಟ್ಟೆಯಲ್ಲಿ ಯಾರಾದರೂ ಬಿಟ್ಟಿ ಎಂದು ಬಾಯಿ ತೆರೆದಾಗ ಆ ಪಟ್ಟಿಯನ್ನು ಅವರ ಮುಂದಿಟ್ಟು, ಬಾಕಿ ಎಷ್ಟಾಯಿತು ಕೂಡಿ ಹೇಳಿ ಸ್ವಾಮಿ, ಅಂತ ಕೇಳೋಣ.